ಮಾರೆಪ್ಪನ ಕೈಗೆ ಮುರಿಯದ ಚಾಳೀಸು

ನಮ್ಮ ಕಾರಟಗಿಯಲ್ಲಿ ಒಂದು ಸಾಮಾನು ಗಟ್ಟಿಯೋ ಅಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಮಾರೆಪ್ಪನ ಕೈಗೆ ಕೊಡಬೇಕಾಗಿತ್ತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅಕ್ಕಿ ಗಿರಣಿಯ ಎದುರಿಗೇ ನನ್ನದೊಂದು ಜನರಲ್ ಸ್ಟೋರ್ಸ್ ಇತ್ತು. ಕೊಡೆ, ಬ್ಯಾಟರಿ, ಬೀಗ, ಸ್ಟೀಲಿನ ತಟ್ಟೆ, ಪೆನ್ನು, ಬಾಚಣಿಗೆ, ಏನು ಕೇಳಿದರೂ ನನ್ನಲ್ಲಿ ಸಿಗುತ್ತಿತ್ತು. ಗಂಗಾವತಿಯಿಂದ ಹೊಸ ಮಾಲು ಬಂದ ದಿನ ಒಂದೊಂದು ನಮೂನೆ ತೆಗೆದಿಟ್ಟುಕೊಂಡು, ಮಧ್ಯಾಹ್ನ ಗಿರಣಿ ಬಿಡುವುದನ್ನೇ ಕಾಯುತ್ತಿದ್ದೆ. ಮಾರೆಪ್ಪ ಬಂದು ಕೊಡೆಯನ್ನು ಒಮ್ಮೆ ಬಿಚ್ಚಿ ಮಡಚಿದನೆಂದರೆ ಅದರ ಹಣೆಬರಹ ಗೊತ್ತಾಗಿಬಿಡುತ್ತಿತ್ತು. ಮೂರರಲ್ಲಿ ಎರಡು ಅವನ ಕೈಯಲ್ಲೇ ಕಡ್ಡಿ ಕಳಚಿಕೊಂಡು ಜೋತುಬೀಳುತ್ತಿದ್ದವು. ಅವನು ನಾಚಿಕೊಂಡು ನನ್ನ ಮುಖ ನೋಡುತ್ತಿದ್ದ. ಉಳಿದ ಮೂರನೆಯದನ್ನು ನಾನು "ಮಾರೆಪ್ಪನ ಕೈಯಿಂದ ಪಾರಾದದ್ದು" ಎಂದು ಕೂಗಿ ಕೂಗಿ ಮಾರುತ್ತಿದ್ದೆ. ನವಲಿ, ಸಿದ್ದಾಪುರದ ಕಡೆಯಿಂದ ಸಂತೆಗೆ ಬಂದವರು ಅಂಥದ್ದನ್ನೇ ಕೇಳಿ ಒಯ್ಯುತ್ತಿದ್ದರು.

ಅವನು ಸಿಟ್ಟಿನ ಮನುಷ್ಯನಲ್ಲ. ಮುರಿಯಬೇಕೆಂದು ಮುರಿದವನೂ ಅಲ್ಲ. ಅವನ ಹಿಡಿತವೇ ಹಾಗಿತ್ತು. ಮೀಸೆ ಮೂಡುವ ಮೊದಲೇ ಗಿರಣಿಯಲ್ಲಿ ಹಮಾಲಿಗೆ ಸೇರಿದವನು. ನೂರು ಕೆ.ಜಿ.ಯ ಅಕ್ಕಿ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಹಲಗೆಯ ಮೇಲೆ ನಡೆದು ಲಾರಿ ಹತ್ತುವಾಗ ಚೀಲದ ಮೂಲೆಯ ಕಿವಿ ಹಿಡಿದ ಕೈ ಒಂಚೂರು ಸಡಿಲವಾದರೂ ಅದು ಜಾರಿ ಹಿಂದೆ ಬರುವವನ ಮೇಲೆ ಬೀಳುತ್ತದೆ. ಅದಕ್ಕೇ ಹಮಾಲರು ಎಲ್ಲಕ್ಕಿಂತ ಮೊದಲು ಬಿಗಿಯಾಗಿ ಹಿಡಿಯುವುದನ್ನು ಕಲಿಯುತ್ತಾರೆ. ಮಾರೆಪ್ಪ ಅದನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕಲಿತಿದ್ದ. ಉಮರಸಾಬನ ಹೋಟೆಲಿನಲ್ಲಿ ಒಂದೇ ವಾರದಲ್ಲಿ ಅವನ ಕೈಯಲ್ಲಿ ನಾಲ್ಕು ಗಾಜಿನ ಲೋಟ ಹೋದ ಮೇಲೆ, ಉಮರಸಾಬ ಅವನಿಗೆಂದೇ ಒಂದು ಹಿತ್ತಾಳೆಯ ಲೋಟ ತಂದಿಟ್ಟ. ಹೊಸದಾಗಿ ಬಂದ ಬ್ಯಾಂಕಿನ ಸಾಹೇಬರು ಸಲುಗೆಯಿಂದ ಕೈ ಕುಲುಕಲು ಹೋಗಿ ಎರಡು ದಿನ ಎಡಗೈಯಲ್ಲಿ ಸಹಿ ಹಾಕಿದರು. ಮುರುಕ ಮಾರೆಪ್ಪ ಎಂದು ಜನ ಹಿಂದಿನಿಂದ ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಕರೆದಿದ್ದರೂ ಅವನು ನಗುತ್ತಿದ್ದ ಅಷ್ಟೇ.

ಆದರೆ ನಗಲಾರದ ಸಂಗತಿಯೂ ಒಂದಿತ್ತು. ಅವನ ಮಗಳು ಹುಲಿಗವ್ವ ಒಂದು ವರ್ಷದ ಕೂಸಾಗಿದ್ದಾಗ, ಗಿರಣಿಯಿಂದ ಬಂದವನು ಅಂಗಳದಲ್ಲಿ ಆಡುತ್ತಿದ್ದ ಅವಳನ್ನು ಒಂದೇ ಕೈ ಹಿಡಿದು ಮೇಲಕ್ಕೆತ್ತಿದ. ಪ್ರೀತಿಯಿಂದಲೇ ಎತ್ತಿದ್ದ. ಕೂಸಿನ ಮೊಳಕೈ ಕೀಲು ತಪ್ಪಿತು. ಅದು ಚೀರಿದ್ದು ನಮ್ಮ ಓಣಿಯವರೆಗೆ ಕೇಳಿಸಿತ್ತು. ಎತ್ತಿನ ಚಕ್ಕಡಿ ಕಟ್ಟಿ ಸಿದ್ದಾಪುರದ ಎಲುಬು ಕೂಡಿಸುವವನ ಹತ್ತಿರ ಒಯ್ದೆವು. ಅವನು ಮಾತಾಡುತ್ತಲೇ ಕೈಯನ್ನು ಒಮ್ಮೆ ತಿರುವಿ ಕೀಲು ಕೂಡಿಸಿದ. ಮರುದಿನ ಬೆಳಿಗ್ಗೆ ಕೂಸು ಅದೇ ಕೈಯಿಂದ ರೊಟ್ಟಿ ಮುರಿದು ತಿನ್ನುತ್ತಿತ್ತು. ಅವನ ಹೆಂಡತಿ ಗಾಳೆಮ್ಮ ಮಾತ್ರ ಮರೆಯಲಿಲ್ಲ. ಇನ್ನು ಮುಂದೆ ನೀನು ಕೂಸು ಮುಟ್ಟಬೇಡ ಎಂದು ಅವತ್ತು ಹೇಳಿದವಳು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ಮಾರೆಪ್ಪನೂ ಎದುರಾಡಲಿಲ್ಲ. ಆಮೇಲೆ ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಚಿಕ್ಕ ಕೂಸಿರುವ ಯಾರ ಮನೆಗೆ ಹೋದರೂ ಅವನು ಎರಡೂ ಕೈಗಳನ್ನು ಬಗಲಲ್ಲಿ ಇಟ್ಟುಕೊಂಡೇ ಕೂಡುತ್ತಿದ್ದ.

ಎಂಬತ್ತೆರಡರ ಸುಮಾರಿಗೆ ಗಿರಣಿಯ ಮಾಲೀಕರು ಅವನನ್ನು ಹಮಾಲರ ಮೇಸ್ತ್ರಿ ಮಾಡಿದರು. ಯಾವ ಲಾರಿಗೆ ಯಾವ ಮಾರ್ಕಿನ ಚೀಲ ಎಂದು ಚೀಟಿ ಓದಿ ತುಂಬಿಸುವ ಕೆಲಸ. ಮೇಸ್ತ್ರಿಯಾದ ಹೊಸದರಲ್ಲೇ ದಾವಣಗೆರೆಗೆ ಹೋಗಬೇಕಾದ ಸೋನಾ ಮಸೂರಿಯನ್ನು ಹೈದರಾಬಾದಿನ ಲಾರಿಗೆ ತುಂಬಿಸಿ ಕಳಿಸಿಬಿಟ್ಟ. ಅಕ್ಷರ ಮಂಜಾಗಿ ಕಾಣುತ್ತಿದ್ದವು, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಮಾಲೀಕರು ಬೈದು ಚಾಳೀಸು ಹಾಕಿಸಿಕೊಳ್ಳಲು ಹೇಳಿದರು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ, ನಲವತ್ತಕ್ಕೆ ಮೂಗು ಹತ್ತುವ ಸಾಮಾನು. ಮಾರೆಪ್ಪ ಗಂಗಾವತಿಗೆ ಹೋಗಿ ಹಾಕಿಸಿಕೊಂಡು ಬಂದ. ಎರಡು ವರ್ಷದಲ್ಲಿ ಏಳು ಚಾಳೀಸು ಮುರಿದ. ತೆಗೆಯುವಾಗ ಕಡ್ಡಿ ಮುರಿಯುತ್ತಿತ್ತು, ಹಾಕುವಾಗ ನಡುವಿನ ಸೇತುವೆ ಮುರಿಯುತ್ತಿತ್ತು. ಅಕಸ್ಮಾತ್ ಅವನ ಕೈಯಿಂದ ಉಳಿದದ್ದನ್ನು ಗಿರಣಿಯ ತೌಡು ಮತ್ತು ಅವನ ಬೆವರು ಸೇರಿ ತಿನ್ನುತ್ತಿದ್ದವು. ಮೂಗಿನ ಮೇಲೆ ಹಸಿರು ಗೆರೆ ಎದ್ದು ತುರಿಕೆ ಬೇರೆ. ಏಳನೆಯದಕ್ಕೆ ಎರಡೂ ಕಡೆ ಸುತಳಿ ಕಟ್ಟಿ ಕಿವಿಗೆ ಗಂಟು ಹಾಕಿಕೊಂಡಿದ್ದ. ಚಾಳೀಸಿಲ್ಲದ ದಿನ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಓಡಿಬರುತ್ತಿದ್ದ. ನಾನು ಗಿರಾಕಿಗಳನ್ನು ಬಿಟ್ಟು ಅವನಿಗೆ ಓದಿ ಹೇಳಬೇಕು. ಹೀಗೇ ಆದರೆ ಮೇಸ್ತ್ರಿಕೆ ಹೋಗುತ್ತದೆ ನೋಡು ಎಂದು ಎಷ್ಟೋ ಸಲ ರೇಗಿದ್ದೇನೆ.

ಎಂಬತ್ನಾಲ್ಕರ ಯುಗಾದಿಯ ಹಿಂದೆಮುಂದೆ ಬಾಬಾಸಾಬ ರಜೆಯ ಮೇಲೆ ಕುವೈತಿನಿಂದ ಬಂದ. ಅವನೂ ಮೊದಲು ಇದೇ ಗಿರಣಿಯಲ್ಲಿ ಹಮಾಲನಾಗಿದ್ದವನು. ಕಾಮಾಲೆಯಾಗಿ ಒಂದು ತಿಂಗಳು ಮಲಗಿದ್ದಾಗ ಅವನ ಪಾಲಿನ ಚೀಲಗಳನ್ನೂ ಮಾರೆಪ್ಪನೇ ಹೊತ್ತು ಕೆಲಸ ಉಳಿಸಿಕೊಟ್ಟಿದ್ದ. ಅದನ್ನು ನೆನಪಿಟ್ಟಿದ್ದ ಬಾಬಾಸಾಬ ಬಂದ ಮರುದಿನವೇ ಒಂದು ಸಣ್ಣ ಡಬ್ಬಿ ಹಿಡಿದು ನನ್ನ ಅಂಗಡಿಯ ಕಟ್ಟೆಗೆ ಬಂದ. ಮಾರೆಪ್ಪ ಅಲ್ಲೇ ಕೂತಿದ್ದ. ಡಬ್ಬಿಯಲ್ಲಿ ಬೂದು ಬಣ್ಣದ ಒಂದು ಚಾಳೀಸಿನ ಚೌಕಟ್ಟು. ಗಾಜನ್ನು ಗಂಗಾವತಿಯಲ್ಲಿ ಕೂಡಿಸಿಕೊಳ್ಳಬೇಕು. ಅದು ಟೈಟಾನಿಯಂ ಎಂಬ ಲೋಹವಂತೆ. ಬಾಬಾಸಾಬ ಕೆಲಸ ಮಾಡುವ ಕಾರ್ಖಾನೆಯಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುತ್ತಾರಂತೆ. ಕಬ್ಬಿಣದ ಕೊಳವೆಯನ್ನು ಉಪ್ಪು ವರ್ಷದೊಳಗೆ ತಿಂದು ಹಾಕುತ್ತದೆ, ಈ ಲೋಹದ ಕೊಳವೆಯನ್ನು ಏನೂ ಮಾಡುವುದಿಲ್ಲವಂತೆ. ಅದೇ ಲೋಹದಲ್ಲಿ ಜಪಾನಿನವರು ಚಾಳೀಸು ಮಾಡಿದ್ದನ್ನು ಅಲ್ಲಿನ ಅಂಗಡಿಯಲ್ಲಿ ಕಂಡು, ಮಾರೆಪ್ಪ ಮಾಮಾನಿಗೆ ಇದೇ ಸರಿ ಎಂದು ತಂದಿದ್ದ.

ನಾನು ಅದನ್ನು ಕೈಗೆ ತೆಗೆದುಕೊಂಡೆ. ನಮ್ಮ ಸೀಮೆಯಲ್ಲಿ ಸಾಮಾನಿನ ಗುಣವನ್ನು ಕೈಯಲ್ಲಿ ತೂಗಿ ನೋಡುತ್ತಾರೆ. ತಟ್ಟೆಯಾಗಲಿ, ತಂಬಿಗೆಯಾಗಲಿ, ಬೀಗವಾಗಲಿ ಅಂಗೈಯಲ್ಲಿ ಎರಡು ಸಲ ಕುಣಿಸಿ "ಜಡ ಐತಿ", ಅಂದರೆ ಭಾರವಿದೆ, ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಪ್ಪತ್ತು ವರ್ಷ ಅದೇ ಲೆಕ್ಕದ ಮೇಲೆ ವ್ಯಾಪಾರ ಮಾಡಿದವನು ನಾನು. ಈ ಚೌಕಟ್ಟೋ, ಅಂಗೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ನನಗೆ ನಗು ತಡೆಯಲಾಗಲಿಲ್ಲ.

"ಬಾಬಾಸಾಬ, ಇದು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಐತಿ ನೋಡಪಾ. ಕುವೈತಿನಾಗ ನಿನಗ ಛಲೋ ಟೋಪಿ ಹಾಕ್ಯಾರ," ಎಂದೆ.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಾಬಾಸಾಬನ ಮುಖ ಸಣ್ಣದಾಯಿತು. "ಹಗುರ ಐತ್ರಿ ಕಾಕಾ. ಆದ್ರ ಹಗುರ ಮಾಲ್ ಅಲ್ರಿ," ಎಂದಷ್ಟೇ ಹೇಳಿದ. ಮಾರೆಪ್ಪ ಮಾತ್ರ ನಗಲಿಲ್ಲ. ಅಷ್ಟು ದೂರದಿಂದ ತನ್ನ ನೆನಪಿಟ್ಟು ತಂದದ್ದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಜೇಬಿನಲ್ಲಿ ಇಟ್ಟುಕೊಂಡ. ಎರಡು ವಾರದಲ್ಲಿ ಇದರ ಕಥೆ ಮುಗಿಯುತ್ತದೆ ಎಂದು ನಾನು ಊರಿಗೆಲ್ಲ ಸಾರಿದೆ. ಹಗುರ ಸಾಮಾನು, ಅದೂ ಮಾರೆಪ್ಪನ ಕೈಯಲ್ಲಿ.

ಎರಡು ವಾರ ಹೋಯಿತು, ಎರಡು ತಿಂಗಳು ಹೋಯಿತು. ಚಾಳೀಸು ಮೂಗಿನ ಮೇಲೆಯೇ ಇತ್ತು. ಗಾಜು ಎರಡು ಸಲ ಒಡೆದು ಗಂಗಾವತಿಯಲ್ಲಿ ಬೇರೆ ಹಾಕಿಸಿಕೊಂಡು ಬಂದ, ಚೌಕಟ್ಟು ಅದೇ. ಮೂಗಿನ ಮೇಲಿನ ಹಸಿರು ಗೆರೆ ಅಳಿಸಿಹೋಯಿತು. ತುರಿಕೆ ನಿಂತಿತು. ಚೀಟಿ ಓದಿಸಲು ನನ್ನ ಹತ್ತಿರ ಬರುವುದೂ ನಿಂತಿತು. ಒಂದು ಲಾರಿಯೂ ದಾರಿ ತಪ್ಪಲಿಲ್ಲ. ದೀಪಾವಳಿಯ ಹೊತ್ತಿಗೆ ಜನ ನನ್ನನ್ನು ಕೇಳತೊಡಗಿದರು, ಏನು ಗವಿಸಿದ್ದಪ್ಪ, ನಿನ್ನ ಪ್ಲಾಸ್ಟಿಕ್ ಏನಾಯಿತು ಅಂತ. ನನ್ನ ಮಾತು ಸುಳ್ಳಾಯಿತೆಂದು ಒಪ್ಪಿಕೊಳ್ಳುವ ಜಾತಿಯವನಲ್ಲ ನಾನು. ಯೋಚನೆ ಮಾಡಿ ಒಂದು ಉತ್ತರ ಹೊಂದಿಸಿದೆ. ಚಾಳೀಸು ಹಗುರ ಎಂಬುದು ಎಲ್ಲರೂ ಕೈಯಾರೆ ನೋಡಿದ ಸಂಗತಿ. ಹಗುರದ ಸಾಮಾನು ಮುರಿಯದೆ ಉಳಿದಿದೆ ಎಂದರೆ ಬದಲಾಗಿರುವುದು ಮಾರೆಪ್ಪನ ಕೈ. ವಯಸ್ಸಾಯಿತು, ಮೇಸ್ತ್ರಿಯಾಗಿ ಚೀಲ ಹೊರುವುದು ಕಡಿಮೆಯಾಯಿತು, ಕೈ ಮೆತ್ತಗಾಯಿತು. ಹೇಳಿದ ಮೇಲೆ ನನಗೇ ಅದು ಬಹಳ ಸರಿ ಎನ್ನಿಸಿತು. ಊರೂ ಒಪ್ಪಿತು. ಉಮರಸಾಬ ಹಿತ್ತಾಳೆಯ ಲೋಟ ಒಳಗಿಟ್ಟು ಮಾರೆಪ್ಪನಿಗೆ ಗಾಜಿನ ಲೋಟದಲ್ಲಿ ಚಹಾ ಕೊಟ್ಟ. ಅದೃಷ್ಟಕ್ಕೆ ಅದೂ ಒಡೆಯಲಿಲ್ಲ. ಮಾರೆಪ್ಪ ಇದನ್ನೆಲ್ಲ ಕೇಳಿಯೂ ತಲೆ ತಗ್ಗಿಸಿ ಚಹಾ ಕುಡಿದ.

ಅವನು ಸುಮ್ಮನಿದ್ದುದಕ್ಕೆ ಕಾರಣವಿತ್ತು, ನನಗೆ ಆಗ ಹೊಳೆಯಲಿಲ್ಲ. ಹುಲಿಗವ್ವನನ್ನು ನವಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ಹೆರಿಗೆಗೆ ತವರಿಗೆ ಬಂದು ಮಳೆಗಾಲದಲ್ಲಿ ಹೆಣ್ಣು ಹಡೆದಿದ್ದಳು. ಮನೆಯಲ್ಲಿ ಮೊಮ್ಮಗಳು ಬೆಳೆಯುತ್ತಿದ್ದಳು. ಅಜ್ಜ ಬಾಗಿಲ ಹತ್ತಿರ ಕೈ ಬಗಲಲ್ಲಿಟ್ಟುಕೊಂಡು ಕೂತು ಅದನ್ನು ನಗಿಸುತ್ತಿದ್ದ. ತುಟಿಯಲ್ಲಿ ಲಾರಿಯ ಹಾರ್ನ್ ಊದುತ್ತಿದ್ದ, ನಾಲಿಗೆಯಲ್ಲಿ ಗಿರಣಿ ಓಡಿಸುತ್ತಿದ್ದ. ಕೂಸು ಅವನ ಕಡೆ ಕೈಚಾಚಿದರೆ ಗಾಳೆಮ್ಮ ಬಂದು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳು ಕೆಟ್ಟವಳಲ್ಲ, ಹೆದರಿದವಳು. ಮಾರೆಪ್ಪ ಒಂದು ದಿನ ನನ್ನ ಕಟ್ಟೆಯ ಮೇಲೆ ಕೂತು, ಕೂಸಿನ ತೂಕ ಎಷ್ಟಿರುತ್ತದೆ ಸಾವ್ಕಾರ್ರ ಎಂದು ಕೇಳಿದ. ಐದು ತಿಂಗಳಿಗೆ ಆರು ಕೆ.ಜಿ. ಇರಬಹುದು ಎಂದೆ. ಅಷ್ಟೇನಾ ಎಂದು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಜೀವಮಾನವಿಡೀ ನೂರು ಕೆ.ಜಿ. ಹೊತ್ತವನಿಗೆ ಆರು ಕೆ.ಜಿ. ಎತ್ತುವ ಯೋಗ ಬಂದಿರಲಿಲ್ಲ.

ಡಿಸೆಂಬರಿನಲ್ಲಿ ಹುಲಿಗವ್ವ ಗಂಡನ ಮನೆಗೆ ಹೊರಡುವುದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ನವಲಿಯಿಂದ ಚಕ್ಕಡಿ ಬರುವುದಿತ್ತು. ತೊಟ್ಟಿಲಿಗೆ ಕಟ್ಟುವ ಗಿಲಕಿ ಬೇಕೆಂದು ಗಾಳೆಮ್ಮ ಹಿಂದಿನ ದಿನ ಅಂಗಡಿಗೆ ಬಂದಿದ್ದಳು. ಗಂಡನ ಕೈಯ ಬಗ್ಗೆ ಊರವರು ಹೇಳುವುದು ನಿಜವೇ ಎಂದು ಮೆಲ್ಲಗೆ ಕೇಳಿದಳು. ನಾನು ಗಿಲಕಿ ಕಟ್ಟಿಕೊಡುತ್ತಲೇ ನನ್ನ ಸಿದ್ಧಾಂತವನ್ನೆಲ್ಲ ಅವಳ ಮುಂದೆ ಬಿಚ್ಚಿದೆ. ಎಂಟು ತಿಂಗಳು ಪ್ಲಾಸ್ಟಿಕ್ ಚಾಳೀಸು ಉಳಿಸಿದವನು ಮೊಮ್ಮಗಳನ್ನು ಉಳಿಸಲಾರನೇ ಎಂದೆ. ಅವಳು ಯೋಚಿಸಿ, ನಾಳೆ ಬೆಳಿಗ್ಗೆ ನೀವೂ ಬನ್ನಿ, ಕೂಸನ್ನು ಅವನ ಕೈಗೆ ಕೊಡುತ್ತೇನೆ, ಯಾರಾದರೂ ಗಟ್ಟಿ ಮನುಷ್ಯರು ಹತ್ತಿರ ಇರಲಿ ಎಂದಳು. ನನ್ನನ್ನು ಗಟ್ಟಿ ಮನುಷ್ಯ ಎಂದವರು ಅವಳೊಬ್ಬಳೇ, ಖುಷಿಯಿಂದ ಒಪ್ಪಿದೆ.

ಸೋಮವಾರ ನಾನು ಹೋದಾಗ ಬಾಗಿಲ ಮುಂದೆ ಚಕ್ಕಡಿ ಬಂದು ನಿಂತಿತ್ತು. ಗಂಟುಮೂಟೆ ಕಟ್ಟಿಯಾಗಿತ್ತು. ಮಾರೆಪ್ಪ ಮಿಂದು, ತೊಳೆದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಕೈ ಬಗಲಲ್ಲೇ ಇದ್ದವು. ಹುಲಿಗವ್ವ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಗಾಳೆಮ್ಮ ಗಂಡನ ಮುಂದೆ ಬಂದು ನಿಂತಳು.

"ಹಿಡಕೋ," ಎಂದಳು. "ಗವಿಸಿದ್ದಪ್ಪಣ್ಣನೂ ಹೇಳ್ಯಾನ. ಆ ಹಗುರ ಚಾಳೀಸ ಇಷ್ಟು ದಿನ ಉಳದೈತಂದ್ರ ನಿನ್ನ ಕೈ ಮೆತ್ತಗ ಆಗ್ಯಾವ. ನಂದ ಹಟ ಆತು ಇಷ್ಟು ವರ್ಷ."

ಮಾರೆಪ್ಪನ ಮುಖ ಅರಳಿತು. ಕೈಗಳು ಬಗಲಿನಿಂದ ಹೊರಗೆ ಬಂದವು. ಹುಲಿಗವ್ವ ಬಾಗಿದಳು. ಇನ್ನೇನು ಕೂಸು ಅವನ ಕೈಗೆ ಬರಬೇಕು, ಅಷ್ಟರಲ್ಲಿ ಅವನು ಎರಡೂ ಕೈ ಹಿಂದಕ್ಕೆ ಎಳೆದುಕೊಂಡುಬಿಟ್ಟ. ತಡಿ ಎಂದ. ಚಾಳೀಸು ತೆಗೆದ. ಗಾಜುಗಳನ್ನು ಹೆಬ್ಬೆರಳಿನಿಂದ ಒತ್ತಿ ಕಳಚಿ ಚಾಪೆಯ ಮೇಲಿಟ್ಟ. ಬರಿಯ ಚೌಕಟ್ಟನ್ನು ನಮ್ಮೆಲ್ಲರ ಎದುರಿಗೆ ಎರಡೂ ಕೈಯಲ್ಲಿ ಹಿಡಿದು, ಚೀಲ ಹಿಡಿಯುವ ಶಕ್ತಿಯಲ್ಲಿ ಬಗ್ಗಿಸಿದ. ಕತ್ತಿನ ನರ ಉಬ್ಬಿದವು. ಬಿಟ್ಟಾಗ ಅದು ಮತ್ತೆ ನೆಟ್ಟಗಾಯಿತು. ಒಂದು ಕಡೆ ಕಡ್ಡಿ ಕೊಂಚ ಓರೆಯಾಗಿತ್ತು, ಅದನ್ನು ಬೆರಳಿನಿಂದ ಸರಿ ಮಾಡಿದ.

"ನನ್ನ ಕೈ ಮೆತ್ತಗ ಆಗಿಲ್ಲ, ಗಾಳೀ," ಎಂದ. "ಚಾಳೀಸ ಗಟ್ಟಿ ಐತಿ. ಬಾಬಾಸಾಬ ಖರೇ ಹೇಳಿದ್ದ. ಇದರ ಮ್ಯಾಲ ನಾ ಎಷ್ಟು ಸಲ ಕುಂತೀನಿ, ಒಮ್ಮೆ ಚೀಲನ ಬಿದ್ದೈತಿ. ಏನೂ ಆಗಿಲ್ಲ. ಮಂದಿ ನನ್ನ ಕೈ ಹೊಗಳಿದಾಗ ಕೂಸಿನ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ. ಆದ್ರ ಈಗ ಹೆಂಗ ಹಿಡೀಲಿ."

ಮತ್ತೆ ಕೈಗಳು ಬಗಲು ಸೇರಿದವು. ನಾನು ಗೋಡೆ ನೋಡಿದೆ. ಮೊದಲು ನನಗೆ ಬಂದದ್ದು ಸಿಟ್ಟು, ಆಮೇಲೆ ನಾಚಿಕೆ. ಇಪ್ಪತ್ತು ವರ್ಷದ ವ್ಯಾಪಾರಸ್ಥ ಒಂದು ಚೌಕಟ್ಟನ್ನು ಕೈಯಲ್ಲಿ ತೂಗಿ ತಪ್ಪು ಮಾತಾಡಿದ್ದೆ. ಅದರ ಮೇಲೆ ಇನ್ನೊಂದು ಮಾತು ಕಟ್ಟಿದ್ದೆ. ಆ ಮಾತನ್ನು ನಂಬಿ ಗಾಳೆಮ್ಮ ಕೂಸನ್ನು ಕೊಡಲು ಬಂದಿದ್ದಳು. ಐದು ತಿಂಗಳಿಂದ ಬೇಕು ಬೇಕು ಎಂದು ಕಾದದ್ದು ಕೈಗೆಟಕುವಾಗ ಬೇಡ ಎಂದವನ ಎದುರಿಗೆ ನಾನು ಎಷ್ಟು ತೂಗುತ್ತೇನೆ ಎಂದು ಅವತ್ತು ತಿಳಿಯಿತು. ಗಾಳೆಮ್ಮನ ಕಣ್ಣು ತುಂಬಿದ್ದವು. ಅವಳು ಕೂಸನ್ನು ತಾನೇ ತೆಗೆದುಕೊಳ್ಳಲೆಂದು ಮಗಳ ಕಡೆ ತಿರುಗಿದಳು.

ಹುಲಿಗವ್ವ ಕೊಡಲಿಲ್ಲ. ಕೂಸನ್ನು ಎಡಗಂಕುಳಿಗೆ ಬದಲಿಸಿಕೊಂಡು ಅಪ್ಪನ ಎದುರಿಗೆ ಮಂಡಿಯೂರಿ ಕೂತಳು. ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಮೊಳಕೈಯನ್ನು ಅವನ ಮುಂದೆ ಚಾಚಿದಳು.

"ಅಪ್ಪಾ, ನೀ ಜಗ್ಗಿದ ಕೈ ಇದ ಹೌದಲ್ಲ?" ಎಂದಳು. "ಈ ಕೈಲೆ ನಾ ನವಲ್ಯಾಗ ಭತ್ತದ ನಾಟಿ ಹಚ್ಚತೀನಿ. ಮುಂಜಾನಿಂದ ಸಂಜೀತನಕ. ನೀರು ಹೊರತೀನಿ, ಎಮ್ಮಿ ಹಿಂಡತೀನಿ. ಏನಾಗೇತಿ ಹೇಳು ಇದಕ್ಕ."

ಮಾರೆಪ್ಪ ಆ ಕೈಯನ್ನು ನೋಡಿದ. ಹದಿನೆಂಟು ವರ್ಷದಲ್ಲಿ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ ಎಂದು ಕಾಣುತ್ತದೆ. ಏನೂ ಆಗಿಲ್ಲ ಎಂದು ಕೊನೆಗೆ ಒಪ್ಪಿಕೊಂಡ. ನಾವೂ ಅಷ್ಟು ಬೇಗ ಮುರಿಯೋರಲ್ಲ ಬಿಡು ಎಂದು ಹೇಳಿದವಳೇ ಹುಲಿಗವ್ವ ಅವನ ತೊಡೆಯ ಮೇಲೆ ಕೂಸನ್ನು ಕೂರಿಸಿಬಿಟ್ಟಳು. ಗಾಳೆಮ್ಮ ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ನಾನು ಗಟ್ಟಿ ಮನುಷ್ಯನೆಂದು ಕರೆಸಿಕೊಂಡವನು ಗೋಡೆ ಹಿಡಿದುಕೊಂಡು ನಿಂತಿದ್ದೆ.

ಮಾರೆಪ್ಪ ಹಿಡಿಯಲಿಲ್ಲ. ಎರಡೂ ಅಂಗೈಗಳನ್ನು ಕೂಸಿನ ಅಕ್ಕಪಕ್ಕ ಬಿಚ್ಚಿಟ್ಟುಕೊಂಡು, ಗೋಡೆಯಿಲ್ಲದ ಕಡೆ ಗೋಡೆಯಾಗಿ ಕೂತ. ಕೂಸು ಅತ್ತ ವಾಲಿದರೆ ಆ ಅಂಗೈ, ಇತ್ತ ವಾಲಿದರೆ ಈ ಅಂಗೈ. ಅದು ಅವನ ಮೀಸೆ ನೋಡಿತು, ಅಂಗಿಯ ಗುಂಡಿ ನೋಡಿತು, ಕಡೆಗೆ ಅವನ ಬಲಗೈಯ ಹೆಬ್ಬೆರಳು ಕಂಡು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತು. ಅವನು ಅಲುಗಾಡದೆ ಕೂತಿದ್ದ. ಕಣ್ಣೀರು ಮೀಸೆಯವರೆಗೆ ಇಳಿದಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಷ್ಟರಲ್ಲಿ ಗಿರಣಿಯಿಂದ ಬಾಲಪ್ಪ ಓಡಿಬಂದ. ಅವನೂ ಹಮಾಲ, ಮಾರೆಪ್ಪನ ಕೈಕೆಳಗಿನವನು. ದಾವಣಗೆರೆಯ ಲಾರಿ ಬಂದು ನಿಂತಿದೆ, ಚೀಟಿ ಓದುವವರಿಲ್ಲ, ಮಾಲೀಕರು ಕೂಗಾಡುತ್ತಿದ್ದಾರೆ ಎಂದು ಬಾಗಿಲಲ್ಲೇ ಒದರಿದ. ಮಾರೆಪ್ಪ ತಲೆ ಎತ್ತಲಿಲ್ಲ. ಕೂಸು ಬೆಚ್ಚಬಾರದೆಂದು ಪಿಸುದನಿಯಲ್ಲಿ ಮಾತಾಡಿದ.

"ಹಿಡಕೊಂಡೈತಿ. ಬಿಡವಲ್ದು."

ಬಾಲಪ್ಪನಿಗೆ ಏನೂ ತಿಳಿಯಲಿಲ್ಲ. ಅಷ್ಟು ಸಣ್ಣ ಕೂಸಿನ ಕೈಯಿಂದ ಬೆರಳು ಬಿಡಿಸಿಕೊಳ್ಳುವುದೇನು ದೊಡ್ಡ ಮಾತು, ಮೆಲ್ಲಗೆ ಜಗ್ಗಿಕೊಂಡು ಬಾ ಎಂದ.

"ಜಗ್ಗಂಗಿಲ್ಲ," ಎಂದ ಮಾರೆಪ್ಪ. "ಲಾರಿ ನಿಲ್ಲಲಿ."